ಎಡ ತಿರುವಿನ ಸದ್ದು

ಹಳೇ ಕಾರು ಕೊಳ್ಳಬೇಕೆಂದು ಹೊರಟವರು ಆ ಊರಲ್ಲಿ ಮೊದಲು ಹುಡುಕುತ್ತಿದ್ದುದು ಕಾರನ್ನಲ್ಲ, ತಣ್ಣಕ್ಕನನ್ನು. ಅವಳ ನಿಜವಾದ ಹೆಸರು ಒಡಹುಟ್ಟಿದ ಅಕ್ಕನಿಗೂ ತಡವರಿಸಿದರೇ ನೆನಪಾಗುತ್ತಿತ್ತು. ಯಾರಾದರೂ ಫೋನು ಮಾಡಿ, "ಒಂದು ಗಾಡಿ ನೋಡಿದ್ದೀವಿ, ಬಂದು ಚೆಕ್ ಮಾಡಿಕೊಡ್ತೀರಾ?" ಎಂದರೆ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಾನು ಬಂದಾಗ ಗಾಡಿ ತಣ್ಣಗಿರುತ್ತಾ?" ಹೋದವಳು ನಮಸ್ಕಾರ ಹೇಳುವುದಕ್ಕೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಊರುತ್ತಿದ್ದಳು. ಬೆಚ್ಚಗಿದ್ದರೆ ಅಲ್ಲಿಗೆ ಮುಗಿಯಿತು, ಬ್ಯಾಗು ಹೆಗಲಿಗೇರಿಸಿ ವಾಪಸು. "ಈಗಷ್ಟೇ ಪೆಟ್ರೋಲ್ ಹಾಕಿಸ್ಕೊಂಡು ಬಂದೆ ಕಣಮ್ಮ" ಎಂದು ಮಾರುವವನು ಬೀದಿ ಕೊನೆಯವರೆಗೂ ಹಿಂದೆ ಬಂದರೂ ಅವಳು ತಿರುಗಿ ನೋಡುತ್ತಿರಲಿಲ್ಲ. ರಾತ್ರಿಯೆಲ್ಲ ನಿಂತಿದ್ದ ಎಂಜಿನ್ನು ಬೆಳಿಗ್ಗೆ ಮೊದಲ ಸಲ ಎದ್ದಾಗ ತನ್ನ ಕೆಮ್ಮು, ಹೊಗೆ, ಗೊಣಗಾಟ ಎಲ್ಲವನ್ನೂ ತೋರಿಸಿಬಿಡುತ್ತದೆ. ಒಮ್ಮೆ ಬಿಸಿಯಾಯಿತೋ, ಎಂಥ ಮುದಿ ಎಂಜಿನ್ನೂ ಸಭ್ಯಸ್ಥನ ಹಾಗೆ ಕೂತುಬಿಡುತ್ತದೆ. ಮಾರುವವರಿಗೆ ಇದು ಗೊತ್ತು. ಅವರಿಗೆ ಗೊತ್ತಿದೆ ಎನ್ನುವುದು ತಣ್ಣಕ್ಕನಿಗೂ ಗೊತ್ತು.

ಹೆಸರು ತಣ್ಣಕ್ಕ, ಸ್ವಭಾವ ಕೆಂಡ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಮ್ಮೆ ಒಬ್ಬ ವ್ಯಾಪಾರಿ ನೀರಲ್ಲಿ ಮುಳುಗಿದ್ದ ಕಾರನ್ನು ತೊಳೆದು, ಒಳಗೆಲ್ಲ ಸೆಂಟು ಹೊಡೆದು, ಹೊಸ ಸೀಟುಕವರು ಹಾಕಿ ನಿಲ್ಲಿಸಿದ್ದ. ಅವಳು ಸುಮ್ಮನೆ ಸೀಟು ಬೆಲ್ಟನ್ನು ಹಿಡಿದು ಕೊನೆಯ ತನಕ ಎಳೆದಳು. ಯಾರೂ ಎಳೆಯದ ಆ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಹಾಗೇ ಒಣಗಿ ಕೂತಿತ್ತು. "ಇದು ಕಾರಲ್ಲ, ದೋಣಿ. ಹುಟ್ಟು ಎಲ್ಲಿದೆ?" ಎಂದು ಅವಳು ಕೂಗಿದ್ದು ಪಕ್ಕದ ಟೀ ಅಂಗಡಿಯವರೆಗೆ ಕೇಳಿಸಿ, ಆ ವ್ಯಾಪಾರಿಗೆ ಇವತ್ತಿಗೂ ದೋಣಿಯಣ್ಣ ಎಂದೇ ಹೆಸರು. ಅವಳ ಬ್ಯಾಗಿನಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ: ಒಂದು ಟಾರ್ಚು, ಒರೆಸುವ ಬಟ್ಟೆ, ಬಣ್ಣ ಗೀಚಬಾರದೆಂದು ಹತ್ತಿಬಟ್ಟೆ ಸುತ್ತಿದ ಒಂದು ಅಯಸ್ಕಾಂತ. ಅಪಘಾತದ ತಗ್ಗು ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಅಯಸ್ಕಾಂತ ಅಂಟದೆ ಜಾರುತ್ತದೆ. ಮೀಟರು ತಿರುಗಿಸಿ ಕಡಿಮೆ ಓಡಿದೆ ಎಂದು ತೋರಿಸಿದ್ದರೆ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿ ನಿಜ ಹೇಳಿಬಿಡುತ್ತದೆ. ಮದುವೆಯ ಮಾತು ಬಂದಾಗಲೂ ಅವಳದು ಇದೇ ಕಣ್ಣು. ನೋಡಲು ಬಂದ ಒಬ್ಬ ಗಂಡನ್ನು ಕಳಿಸಿಕೊಟ್ಟ ಮೇಲೆ, "ಬಿಸಿ ಮಾಡಿ ತಂದಿದ್ದಾರೆ, ಬೇಡ" ಎಂದಳಂತೆ. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ, ಅವಳಿಗೂ ಅದರ ಕೊರಗಿರಲಿಲ್ಲ.

ಈ ವಿದ್ಯೆಯೆಲ್ಲ ಅವಳಿಗೆ ಬಂದದ್ದು ಭಾವನಿಂದ. ಅಮ್ಮ ತೀರಿಕೊಂಡಾಗ ಲಂಗ ಹಾಕುವ ವಯಸ್ಸಿನವಳು, ಅಕ್ಕನ ಸೆರಗು ಹಿಡಿದು ಅಕ್ಕನ ಮನೆಗೇ ಬಂದುಬಿಟ್ಟಿದ್ದಳು. ಭಾವ ಬಾಡಿಗೆ ಕಾರು ಓಡಿಸುವವರು. ಹೊಸದಾಗಿ ಮದುವೆಯಾದ ಮನೆಗೆ ನಾದಿನಿಯೂ ಜೊತೆಗೇ ಬಂದದ್ದನ್ನು ಅವರು ಒಂದು ದಿನವೂ ಆಡಿ ತೋರಿಸಲಿಲ್ಲ. ಬಾನೆಟ್ಟು ಎತ್ತಿದಾಗಲೆಲ್ಲ ಟಾರ್ಚು ಹಿಡಿಯಲು "ಪುಟ್ಟೀ" ಎಂದು ಕರೆಯುತ್ತಿದ್ದರು. ಕಾರು ಕೆಟ್ಟರೆ ಅವರು ಎಂದೂ ಮೈಮೇಲೆ ಬಂದವರ ಹಾಗೆ ಎಲ್ಲವನ್ನೂ ಬಿಚ್ಚಿದವರಲ್ಲ. "ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು ಪುಟ್ಟಿ," ಎನ್ನುತ್ತಿದ್ದರು. "ಎರಡು ಒಟ್ಟಿಗೆ ಬದಲಾಯಿಸಿದ್ರೆ ಗಾಡಿ ಸರಿಹೋದ್ರೂ ಏನಾಗಿತ್ತು ಅಂತ ನಿಂಗೆ ಗೊತ್ತಾಗಲ್ಲ. ತಾಳ್ಮೆಯಿಂದ ಒಂದೊಂದೇ ತೆಗೀತಾ ಹೋಗು. ಕೊನೇಗೆ ಏನು ಉಳಿಯುತ್ತೋ ಅದೇ ಕಾಯಿಲೆ." ತಾಳ್ಮೆ ಅವಳಿಗೆ ಬೇರೆ ಯಾವುದರಲ್ಲೂ ಬರಲಿಲ್ಲ, ಕಾರಿನ ವಿಷಯದಲ್ಲಿ ಮಾತ್ರ ಬಂತು.

ಹೀಗಿರುವಾಗ ಭಾವನ ಕಣ್ಣು ಕೈಕೊಟ್ಟಿತು. ಮೊದಮೊದಲು ಮನೆಯ ಗೇಟಿನ ಕಂಬಕ್ಕೆ ಕಾರು ಒರಸಿತು. "ಕಂಬಾನೇ ವಾಲಿದೆ" ಎಂದರು. ಆಮೇಲೆ ಅಕ್ಕ ಪಕ್ಕದಿಂದ ಚಾಚಿದ ಟೀ ಲೋಟ ಅವರಿಗೆ ಕಾಣದೆ ಕೈ ತಗುಲಿ ಉರುಳಿತು. ಅಕ್ಕ ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು: "ನೇರ ಇರೋದು ನಿಮಗೆ ಕಾಣುತ್ತೆ. ಪಕ್ಕದ ನೋಟ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಡ್ರೈವಿಂಗ್ ಮಾತ್ರ ಇವತ್ತಿಗೆ ಸಾಕು ಮಾಡಿ." ಬಸ್ಸಿನಲ್ಲಿ ಮನೆ ಮುಟ್ಟಿದ ಮೇಲೆ ಭಾವ ಕೀ ತೆಗೆದು ಅಕ್ಕನ ಕೈಗಿಟ್ಟು, "ಮಾರಿಬಿಡೋಣ" ಎಂದರು.

ಅಷ್ಟು ಸಲೀಸಾಗಿ ಒಪ್ಪಿದ್ದನ್ನು ನೋಡಿಯೇ ತಣ್ಣಕ್ಕ ಅನುಮಾನಪಡಬೇಕಿತ್ತು. ಮಾರುವವನು ತಾನಾಗಿಯೇ ತಲೆಯಾಡಿಸಿದರೆ ಇನ್ನೊಮ್ಮೆ ನೋಡಬೇಕೆಂದು ಊರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ. ಆದರೆ ಮನೆಯವರನ್ನು ಯಾರು ಹಾಗೆ ನೋಡುತ್ತಾರೆ? "ಬೇಗ ಒಬ್ಬರನ್ನ ನೋಡೇ," ಎಂದು ಅಕ್ಕ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. "ಅದು ಮನೆ ಮುಂದೆ ಇರೋವರೆಗೂ ಅವರು ಸುಮ್ನಿರಲ್ಲ. ಒಂದಿನ ಹತ್ತಿಕೊಂಡು ಹೊರಟ್ರೆ, ಪಕ್ಕದಿಂದ ಯಾರದೋ ಮಗು ಅಡ್ಡ ಬಂದ್ರೆ? ನಂಗೆ ನಿದ್ದೆ ಬರ್ತಿಲ್ಲ." ತಣ್ಣಕ್ಕನಿಗೂ ಅದೇ ದಿಗಿಲು. ಗಿರಾಕಿಗೇನು ಕೊರತೆ? ಅಂಥ ಕಾರು ಊರಲ್ಲಿ ಇನ್ನೊಂದಿರಲಿಲ್ಲ. ಬಿಳೀ ಬಣ್ಣ ಮಾಸಿತ್ತು ನಿಜ. ಎಂಜಿನ್ನು ಮಾತ್ರ ಮುಟ್ಟಿದರೆ ಸಾಕು, ಎದ್ದು ಕೂರುತ್ತಿತ್ತು. ಆಯಿಲ್ಲು ಬದಲಾಯಿಸುವ ದಿನ ಭಾವ ತಮ್ಮ ಊಟ ಮರೆತಿದ್ದುಂಟು, ಆಯಿಲ್ಲು ಮರೆತದ್ದಿಲ್ಲ.

ಮೊದಲು ಬೇಕರಿಯವನೂ ಅವನ ಹೆಂಡತಿಯೂ ಬಂದರು. ತಣ್ಣಕ್ಕನೇ ಓಡಿಸಿದಳು, ಬೇಕರಿಯವನು ಪಕ್ಕದಲ್ಲಿ, ಹೆಂಡತಿ ಹಿಂದೆ. "ಗಾಡಿ ವಿಷಯ ಏನಾದ್ರೂ ಕೇಳಿದ್ರೆ ನಾನಿರ್ಲಿ" ಎಂದು ಭಾವನೂ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತರು. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯುತ್ತಿತ್ತು. ಶಾಲೆಯ ಹತ್ತಿರ ಎಡಕ್ಕೆ ತಿರುಗಿಸಿದಳು ನೋಡಿ, ಕೆಳಗಿನಿಂದ ಎಲ್ಲೋ "ಕಟ್, ಕಟ್" ಎಂದಿತು. ಮತ್ತೊಂದು ಎಡ ತಿರುವಿನಲ್ಲಿ ಮತ್ತೆ "ಕಟ್". ಬೇಕರಿಯವನ ಹೆಂಡತಿ ಗಂಡನ ಭುಜ ತಿವಿದಳು. ಇಳಿದ ಮೇಲೆ "ಯೋಚನೆ ಮಾಡಿ ಹೇಳ್ತೀವಿ" ಎಂದು ಹೋದವರು ಇವತ್ತಿಗೂ ಯೋಚನೆ ಮಾಡುತ್ತಲೇ ಇದ್ದಾರೆ.

ತಣ್ಣಕ್ಕನಿಗೆ ತಲೆ ಎತ್ತಲಾಗಲಿಲ್ಲ. ಊರ ಕಾರಿನ ಸದ್ದನ್ನೆಲ್ಲ ಹಿಡಿಯುವವಳ ಮನೆಯ ಕಾರೇ ಹೀಗೆ ಮಾನ ತೆಗೆಯುವುದೆ! ಮುಂಚಕ್ರದ ತೋಳಿನ ರಬ್ಬರು ಬುಷ್ಷು ಹರಿದಿರಬೇಕೆಂದು ಅದನ್ನು ಬದಲಾಯಿಸಿದಳು. ಮುಂದಿನ ವಾರ ಡ್ರಾಯಿಂಗ್ ಮೇಷ್ಟ್ರು ಬಂದರು, ಅದೇ ಎಡ ತಿರುವು, ಅದೇ "ಕಟ್, ಕಟ್". ಮೇಷ್ಟ್ರು ಮರ್ಯಾದಸ್ಥರು, ಕೇಳಿಸದವರ ಹಾಗೆ ನಟಿಸಿ ಮರುದಿನ ಫೋನಿನಲ್ಲಿ ಬೇಡವೆಂದರು. ಹಿಂದಿನ ಸೀಟಿನಲ್ಲಿ ಭಾವ ಮುಖ ಸಣ್ಣದು ಮಾಡಿಕೊಂಡು, "ಏನು ಮಾಡೋದು, ಗಾಡಿಗೂ ವಯಸ್ಸಾಯ್ತು" ಎಂದಿದ್ದರು.

ಅಲ್ಲಿಂದ ಅವಳು ಹಟಕ್ಕೆ ಬಿದ್ದಳು. ಭಾವ ಕಲಿಸಿದ ಹಾಗೆ ಒಂದು ಸಲಕ್ಕೆ ಒಂದೇ. ಡಿಕ್ಕಿ ಖಾಲಿ ಮಾಡಿ ಓಡಿಸಿದಳು, ಸದ್ದಿಲ್ಲ. ಜನ ಕೂತಾಗಿನ ಭಾರಕ್ಕೆ ಬರುತ್ತಿರಬಹುದೆಂದು ಹಿಂದಿನ ಸೀಟಿನ ಮೇಲೆ ಮರಳಿನ ಚೀಲ ಹೇರಿ ಅದೇ ಶಾಲೆಯ ತಿರುವಿನಲ್ಲಿ ತಿರುಗಿಸಿದಳು, ಸದ್ದಿಲ್ಲ. ಅಕ್ಕನನ್ನು ಕೂರಿಸಿಕೊಂಡು ಹೋದಳು. ಅಕ್ಕ ದಾರಿಯುದ್ದಕ್ಕೂ ಪಕ್ಕದ ಮನೆಯವರ ಸೊಸೆಯ ಕಥೆ ಹೇಳಿದಳೇ ಹೊರತು ಕಾರು ತುಟಿ ಬಿಚ್ಚಲಿಲ್ಲ. ಇನ್ನು ಬದಲಾಯಿಸಿ ನೋಡಲು ಉಳಿದಿದ್ದುದು ಒಂದೇ. ಅದನ್ನು ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ಅವಳಿಗೆ ಸಂಕೋಚವಾಯಿತು.

ಮರುದಿನ ಬೆಳಿಗ್ಗೆ ಭಾವನನ್ನೇ ಜೊತೆಗೆ ಕರೆದುಕೊಂಡು ಹೋಗೋಣವೆಂದು ಕೆಳಗಿಳಿದು ಬಂದಳು. ಅಭ್ಯಾಸ ಬಲ, ಕೈ ತಾನಾಗಿ ಬಾನೆಟ್ಟಿನ ಮೇಲೆ ಹೋಯಿತು.

ಬೆಚ್ಚಗಿತ್ತು.

ರಾತ್ರಿಯೆಲ್ಲ ನಿಂತಿದ್ದ ಕಾರು. ಕೀ ಅಕ್ಕನ ಬೀರುವಿನಲ್ಲಿ. ಡ್ರೈವರನ ಹತ್ತಿರ ಇನ್ನೊಂದು ಕೀ ಇಲ್ಲದಿರುತ್ತದೆಯೆ ಎಂದು ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಸುತ್ತ ನಡೆದು ನಾಲ್ಕೂ ಚಕ್ರ, ಬಂಪರು, ಎರಡೂ ಪಕ್ಕ ಬಗ್ಗಿ ನೋಡಿದಳು. ಎಲ್ಲೂ ಏನೂ ತಗುಲಿದ ಗುರುತಿರಲಿಲ್ಲ. ಭಾವ ಒಳಗಿನಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದರು. "ಬನ್ನಿ ಭಾವ, ಒಂದು ಸುತ್ತು ಹೋಗೋಣ" ಎಂದಳು. ಅವರು ಹಿಂದಿನ ಸೀಟಿನ ಅದೇ ಎಡಮೂಲೆಯಲ್ಲಿ ಕೂತರು.

ಶಾಲೆಯ ಹತ್ತಿರ ಎಡಕ್ಕೆ ತಿರುಗಿಸಿದಳು. "ಕಟ್, ಕಟ್."

ಕಾರು ಪಕ್ಕಕ್ಕೆ ನಿಲ್ಲಿಸಿದಳು. "ಸ್ವಲ್ಪ ಇಳೀರಿ ಭಾವ." ಅವರು ಇಳಿದು ಶಾಲೆಯ ಗೋಡೆಗೆ ಒರಗಿ ನಿಂತರು. ಒಬ್ಬಳೇ ಸುತ್ತು ಹೊಡೆದು ಬಂದಳು, ಸದ್ದಿಲ್ಲ. ಮತ್ತೆ ಹತ್ತಿಸಿಕೊಂಡಳು. ಈ ಸಲ ತಿರುಗಿಸುವಾಗ ರಸ್ತೆಯ ಜೊತೆಗೆ ಕನ್ನಡಿಯಲ್ಲಿ ಭಾವನನ್ನೂ ನೋಡಿದಳು. ತಿರುವು ಬಂದ ಕೂಡಲೇ ಅವರ ಮೊಣಕಾಲು ಮೆಲ್ಲಗೆ ಎದ್ದು ಇಳಿಯಿತು. ಕಾರು ನಿಲ್ಲಿಸಿ ಹಿಂದಕ್ಕೆ ಬಾಗಿ ನೋಡಿದಳು. ಮುಂದಿನ ಸೀಟಿನ ಕೆಳಗೆ, ಕಾರೆತ್ತುವ ಜಾಕು ಇಡುವ ಜಾಗವಿತ್ತು. ಭಾವ ಅದರ ಸ್ಕ್ರೂ ಸಡಿಲಿಸಿ, ಚಪ್ಪಲಿಯ ತುದಿಯಿಂದ ಜಾಕನ್ನು ತಟ್ಟುತ್ತಿದ್ದರು. ಅದೂ ಎಂಥ ಹದದಲ್ಲಿ! ಬುಷ್ಷು ಹೋದರೆ ಹೇಗೆ ಬಡಿಯುತ್ತದೋ ಹಾಗೇ, ತಿರುವಿನ ಅರ್ಧದಲ್ಲಿ ಒಂದು, ಮುಗಿಯುವಾಗ ಇನ್ನೊಂದು.

ಅವಳು ಎಂಜಿನ್ನು ಆರಿಸಿದಳು. ಬಾಯಿಗೆ ಬಂದ ಬೈಗುಳ ನುಂಗಿಕೊಂಡಳು.

"ಕಾಲು ಕೆಳಗಿಡಿ ಭಾವ," ಎಂದಳು.

ಚಪ್ಪಲಿ ಮೆಲ್ಲಗೆ ಹಿಂದೆ ಸರಿಯಿತು.

"ನನ್ನ ಮಾನ ಹೋಯ್ತು. ಬೇಕರಿಯವರು ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ. ಕೆಡಿಸೋದೇ ಆದ್ರೆ ಎಂಜಿನ್‌ಗೇ ಏನಾದ್ರೂ ಮಾಡ್ಬೇಕಿತ್ತು. ಒಂದೇ ಸಲಕ್ಕೆ ಮುಗೀತಿತ್ತು."

"ಛೆ!" ಎಂದರು ಭಾವ, ನಿಜವಾಗಿಯೂ ಗಾಬರಿಯಾಗಿ. "ಎಂಜಿನ್‌ಗೆ ಕೆಟ್ಟ ಹೆಸರು ತರೋದಾ? ಅದು ಎಂದಾದ್ರೂ ನಂಗೆ ಕೈ ಕೊಟ್ಟಿದೆಯಾ? ಬುಷ್ ಅಂದ್ರೆ ಸಣ್ಣದು. ಯಾರಿಗೂ ಗಾಡಿ ಮೇಲೆ ಕೀಳುಭಾವನೆ ಬರಲ್ಲ ಅಂತ ಅದನ್ನೇ ಆರಿಸ್ಕೊಂಡೆ."

ತಣ್ಣಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸುಳ್ಳು ಹೇಳುವಾಗಲೂ ಕಾರಿನ ಮರ್ಯಾದೆ ನೋಡಿದ ಮನುಷ್ಯನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳುವುದು? ಆದರೂ ಕೇಳಲೇಬೇಕಾದ್ದನ್ನು ಕೇಳಿದಳು. "ಇವತ್ತು ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ?"

ಭಾವ ಕಿಟಕಿಯ ಕಡೆ ಮುಖ ತಿರುಗಿಸಿದರು. "ಬಸ್ ಸ್ಟ್ಯಾಂಡಿನ ತನಕ. ಖಾಲಿ ರಸ್ತೆ, ಯಾರಿರ್ತಾರೆ ಅಂದ್ಕೊಂಡೆ. ಒಂದೇ ಒಂದು ಸಲ ಅಂತ. ಎಡಗಡೆಯಿಂದ ಪೇಪರ್ ಹಾಕೋನು ಸೈಕಲ್ಲಲ್ಲಿ ಬಂದ. ಕಾಣಲೇ ಇಲ್ಲ ಪುಟ್ಟಿ. ಬೆಲ್ ಹೊಡೆದ, ಅದು ಕೇಳಿಸ್ತು, ಬ್ರೇಕ್ ಒತ್ತಿದೆ. ಅವನು ಬಯ್ಕೊಂಡು ಹೋದ. ಬೆಲ್ ಇಲ್ದಿದ್ರೆ..." ಜೇಬಿನಿಂದ ಎರಡನೇ ಕೀ ತೆಗೆದು ಮುಂದಿನ ಸೀಟಿನ ಮೇಲಿಟ್ಟರು. "ಇದನ್ನ ನಿನಗೆ ಕೊಡೋಣ ಅಂತಲೇ ಜೇಬಲ್ಲಿ ಇಟ್ಕೊಂಡು ಬಂದೆ. ಇನ್ನು ಮುಟ್ಟಲ್ಲ."

"ಎಲ್ಲ ಗೊತ್ತಿದ್ದೂ ಈಗ ಮತ್ತೆ ಯಾಕೆ ತಟ್ಟಿದ್ರಿ?"

"ಕಾಲು ತಾನಾಗೇ ಹೋಯ್ತು," ಎಂದು ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಮುಖ ಮಾಡಿದರು. ಆಮೇಲೆ ದನಿ ಬದಲಾಯಿತು. "ಇದು ಹೋದ್ರೆ ನಾನು ಎಲ್ಲಿ ಕೂತ್ಕೊಳ್ಳಿ, ಹೇಳು. ಟೀ ಕುಡಿದಿದ್ದು ಇದರಲ್ಲಿ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದ್ದು ಇದರಲ್ಲಿ. ಮನೇಲಿ ನಿಮ್ಮಕ್ಕನಿಗೆ ಅಡುಗೆಮನೆ ಇದೆ, ನಿಂಗೆ ಮಹಡಿ ಇದೆ. ನಾನು ಆ ಕುರ್ಚಿಯಲ್ಲಿ ಕೂತ್ರೆ ಯಾರದೋ ಮನೆಗೆ ಬಂದು ಕಾಯ್ತಾ ಇದ್ದೀನಿ ಅನ್ಸುತ್ತೆ."

ಅವಳು ಇಳಿದು ಹಿಂದಿನ ಬಾಗಿಲು ತೆಗೆದು, ಬಗ್ಗಿ, ಜಾಕಿನ ಸ್ಕ್ರೂ ಬಿಗಿಮಾಡಿದಳು. ಹಾಗೆ ಬಗ್ಗಿದ್ದಾಗ ಭಾವನ ಪಾದ ಅವಳ ಕಣ್ಣೆದುರಿಗೇ ಇತ್ತು. ಪೆಡಲು ಒತ್ತಿ ಒತ್ತಿ ಬಲಗಾಲಿನ ಚಪ್ಪಲಿ ಮಾತ್ರ ಮುಂದುಗಡೆ ಸವೆದು ತೆಳ್ಳಗಾಗಿತ್ತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈಯೆಲ್ಲ ಗ್ರೀಸು.

ಮುಂದೆ ಬಂದ ಗಿರಾಕಿ ಹೆರಿಗೆ ಆಸ್ಪತ್ರೆಯ ನರ್ಸಮ್ಮ. ಎಲ್ಲಿ ಯಾವಾಗ ಹೆರಿಗೆ ಅಂತ ಕರೆ ಬರುತ್ತದೋ ಹೇಳಲಾಗದು, ಯಾವ ಹೊತ್ತಿನಲ್ಲಿ ಕೀ ತಿರುಗಿಸಿದರೂ ಎದ್ದು ಹೊರಡುವ ಗಾಡಿ ಬೇಕು ಎಂದಳು. "ಚಂದ ಇಲ್ದಿದ್ರೂ ಪರವಾಗಿಲ್ಲಮ್ಮ, ನಂಬೋ ಹಾಗಿರ್ಲಿ" ಎಂದದ್ದು ಕೇಳಿ ಭಾವ ಹಿಂದಿನ ಸೀಟಿನಿಂದ ಸ್ವಲ್ಪ ಮುಂದೆ ಬಾಗಿದರು. ಶಾಲೆಯ ತಿರುವು ಬಂತು. ಕಾರು ಎಡಕ್ಕೆ ತಿರುಗಿತು. ಚಕ್ರ ರಸ್ತೆಗೆ ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಗಾಡಿಯಲ್ಲಿ ಏನೂ ಐಬೇ ಇಲ್ವಾ?" ಎಂದಳು ನರ್ಸಮ್ಮ. ಐಬು ಮುಚ್ಚಿಟ್ಟು ಮಾತಾಡುವುದು ತಣ್ಣಕ್ಕನಿಗೆ ಬಾರದು. ಅವಳು ಕನ್ನಡಿಯಲ್ಲಿ ಭಾವನ ಕಡೆ ನೋಡಿದಳು, ನೀವೇ ಹೇಳಿ ಎಂಬಂತೆ.

"ಇದೆ ಕಣಮ್ಮ," ಎಂದರು ಭಾವ. "ಬೆಳಿಗ್ಗೆ ಮೊದಲ ಸಲ ಎರಡನೇ ಗೇರು ಬೀಳೋವಾಗ ಸ್ವಲ್ಪ ಮುನಿಸ್ಕೊಳ್ಳುತ್ತೆ. ಒತ್ತಾಯ ಮಾಡ್ಬೇಡಿ. ಒಂದು ಉಸಿರು ಕಾದ್ರೆ ತಾನಾಗೇ ಬೀಳುತ್ತೆ. ಎಡಗಡೆ ಕಿಟಕಿ ಗಾಜು ಇಳಿಸೋವಾಗ ಅಂಗೈ ಕೊಡ್ಬೇಕು. ಮತ್ತೆ, ಎಡ ತಿರುವಲ್ಲಿ ಒಂದು ಸದ್ದು ಬರ್ತಿತ್ತು. ಈಗ ಹೋಗಿದೆ."

ನರ್ಸಮ್ಮ ನಕ್ಕಳು. "ಕಾಯೋದು ನಮ್ಮ ಕೆಲಸವೇ ಅಲ್ವಾ. ಅದೇ ರೂಢಿ ನಂಗೆ." ಕಾರು ಅವಳಿಗೇ ಎಂದು ತೀರ್ಮಾನವಾಯಿತು.

ಆ ಸಂಜೆ ತಣ್ಣಕ್ಕ ಮಹಡಿಯಿಂದ ಇಳಿದು ಬಂದಾಗ ಭಾವ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಕರೆದರೆ ಏಳುವವರ ಹಾಗೆ ಕೂತಿದ್ದರು. ಅವಳು ಎದುರಿಗೆ ನಿಂತು ಸುತ್ತುಬಳಸದೆ ಹೇಳಿದಳು: "ಭಾವ, ನಾನು ಸ್ಟೀರಿಂಗ್ ಹಿಡಿದು ಗಾಡಿ ನೋಡೋವಾಗ ಹಿಂದಿನ ಸೀಟಲ್ಲಿ ಏನು ಸದ್ದು ಬರುತ್ತೆ ಅಂತ ನಂಗೆ ಪೂರ್ತಿ ಕೇಳಿಸಲ್ಲ. ಕೇಳಿಸಿದ್ದಿದ್ರೆ ಇಷ್ಟು ದಿನ ನೀವು ನನ್ನ ಕಿವಿ ಮೇಲೆ ಹೂ ಇಡೋಕೆ ಆಗ್ತಿರ್ಲಿಲ್ಲ. ನನ್ನನ್ನೇ ಯಾಮಾರಿಸಿದವರು ಬೇರೆಯವರ ಆಟ ಹಿಡಿಯಲ್ವಾ? ನಾಳಿದ್ದು ಒಂದು ಗಾಡಿ ನೋಡೋದಿದೆ. ಹಿಂದೆ ಕೂರೋಕೆ ಒಬ್ರು ಬೇಕು."

"ಹಿಂದೇನಾ?" ಎಂದರು ಭಾವ. ಮುಂದಿನ ಸೀಟು ಬಿಟ್ಟು ಬದುಕೇ ಮಾಡದ ಮನುಷ್ಯ. ಆಮೇಲೆ, "ಎಡಗಡೆ ಮೂಲೆ ನಂಗೆ" ಎಂದರು. ಒಳಗಿನಿಂದ ಅಕ್ಕ, "ಅವರಿಗೆ ಕಾಲು ಮಾತ್ರ ಕಟ್ಟಿಹಾಕಿ ಕರ್ಕೊಂಡು ಹೋಗೇ" ಎಂದು ಕೂಗಿದಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕರು.

ಮರುದಿನ ಬೆಳಿಗ್ಗೆ ನರ್ಸಮ್ಮ ಕಾರು ಒಯ್ಯಲು ಬಂದಳು. ಬಿಸಿಲು ಇನ್ನೂ ಕಾಂಪೌಂಡು ದಾಟಿ ಬಂದಿರಲಿಲ್ಲ. ಎರಡೂ ಕೀಗಳನ್ನು ಅವಳ ಕೈಗೆ ಹಾಕಿ, ತಣ್ಣಕ್ಕ ಕಾರಿನ ಮುಂದೆ ಬಂದು ಎಂದಿನಂತೆ ಅಂಗೈ ಊರಿದಳು. ತಗಡು ಮಂಜಿನಷ್ಟು ತಣ್ಣಗಿತ್ತು. ಕೈ ಸವರುತ್ತ ಹೆಡ್‌ಲೈಟಿನ ಮೇಲ್ಗಡೆಗೆ ಬಂದಾಗ ತಡೆದು ನಿಂತಿತು. ಅಲ್ಲಿ, ಒಂದು ಅಂಗೈಯಷ್ಟು ಜಾಗ ಮಾತ್ರ ಬೆಚ್ಚಗಿತ್ತು.

ಅವಳು ತಲೆಯೆತ್ತಿದಳು. ಭಾವ ಆಚೆ ಗೇಟಿನ ಕಂಬದ ಹತ್ತಿರ ನಿಂತಿದ್ದರು, ಬಲಗೈ ಜೇಬಿನಲ್ಲಿ, ತಾವು ಈಗಷ್ಟೇ ಹೊರಗೆ ಬಂದವರ ಹಾಗೆ. ಕಾರು ಹೊರಡುವ ಮುಂಚೆ ಅವರು ಅಲ್ಲಿ ಎಷ್ಟು ಹೊತ್ತು ಕೈಯಿಟ್ಟು ನಿಂತಿದ್ದರೋ! ಅವಳಿಗೆ ಭಾವನನ್ನು ತಬ್ಬಿಕೊಳ್ಳಬೇಕೆನಿಸಿತು.

"ತಣ್ಣಗಿದೆಯಾಮ್ಮ?" ಎಂದು ನರ್ಸಮ್ಮ ಸೀಟಿನಲ್ಲಿ ಕೂತು ಕೇಳಿದಳು. ಊರಿನವರ ಬಾಯಿಂದ ತಣ್ಣಕ್ಕನ ಪಾಠ ಅವಳಿಗೂ ಮುಟ್ಟಿತ್ತು.

ತಣ್ಣಕ್ಕ ಆ ಬೆಚ್ಚಗಿನ ಜಾಗದ ಮೇಲಿಂದ ಕೈ ತೆಗೆಯಲಿಲ್ಲ. "ತಣ್ಣಗಿದೆ," ಎಂದಳು. "ಸ್ಟಾರ್ಟ್ ಮಾಡಿ."

ಅವಳು ಗಿರಾಕಿಗೆ ಹೇಳಿದ ಸುಳ್ಳು ಅದೊಂದೇ.